ಎಡಗಿವಿ

ಡುಲೂತಿನ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ
ಬೀರುವಿಗಿಂತ ತುಸು ಅಗಲದ ಒಂದು ಕೋಣೆ.
ಗೋಡೆಗೆ ಸ್ಪಂಜು, ಬಾಗಿಲಿಗೆ ರಬ್ಬರು.
ಒಳಗೆ ಕೂತರೆ ನೀವು ಉಗುಳು ನುಂಗಿದ್ದು ನಿಮಗೇ ಕೇಳುತ್ತದೆ.
ಗಾಜಿನ ಈಚೆ ನಾನು.
ಸದ್ದು ಕಳಿಸುವುದು ನನ್ನ ಕೆಲಸ, ಹದಿನಾಲ್ಕು ವರ್ಷದಿಂದ.

ಇವತ್ತು ಆಚೆ ಕೂತವಳು ರಿಸ್ಟಿನ್. ಅರವತ್ತಾರು.
ನಾರ್ವೆಯ ನೆತ್ತಿಯ ಮೇಲೆ,
ಹಿಮಸಾರಂಗ ಕಾಯುವ ಸಾಮಿ ಜನದಲ್ಲಿ ಹುಟ್ಟಿದವಳು.
ಇಲ್ಲಿಗೆ ಬಂದದ್ದು ಹಡಗಿನವನೊಬ್ಬನ ಕೈಹಿಡಿದು.
ಹಾಗಂದವಳು ತನ್ನ ಮಣಿಕಟ್ಟನ್ನೊಮ್ಮೆ ನೋಡಿಕೊಂಡಳು.

"ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ, ಎಷ್ಟೇ ಸಣ್ಣದಿರಲಿ."
ಬಲಗಿವಿಗೆ ಸಾಸಿವೆಯಷ್ಟು ಕಳಿಸಿದೆ. ಒತ್ತಿದಳು.
ಎಡಕ್ಕೆ ಕಳಿಸಿದೆ. ಇಲ್ಲ.
ಏರಿಸಿದೆ. ಇಲ್ಲ.
ಕುಕ್ಕರಿನ ಸೀಟಿಯಷ್ಟು ಏರಿಸಿದೆ, ರೆಪ್ಪೆಯೂ ಅಲುಗಲಿಲ್ಲ.
ಕೈಬಿಟ್ಟು, ಏನೂ ಕಳಿಸದೆ, ಬರೆದುಕೊಳ್ಳುತ್ತಿದ್ದೆ
ಆಗ ಹತ್ತಿತು ನನ್ನ ಮೇಜಿನ ದೀಪ.
ಮತ್ತೆ. ಮತ್ತೆ. ಒಂದೇ ಅಂತರದಲ್ಲಿ,
ಯಾರೋ ಮೆಟ್ಟಿಲು ಹತ್ತುವ ಹಾಗೆ.

ಬಾಗಿಲು ತೆರೆದೆ: ನಾನೇನೂ ಕಳಿಸಿರಲಿಲ್ಲವಲ್ಲ?
"ಬೂಟು," ಅಂದಳು.

ಏಳು ವರ್ಷಕ್ಕೇ ಹಾಸ್ಟೆಲ್ ಶಾಲೆ.
ಮನೆಮಾತು ಬಾಯಿಗೆ ಬಂದರೆ ಕಿವಿ ಹಿಂಡುವರು.
ಬಾರದ ದಿನವೂ, ದೀಪ ಆರಿದ ಮೇಲೆ, ಪಡಸಾಲೆಯಲ್ಲಿ ಬೂಟು.
ಯಾವುದೋ ಒಂದು ಮಂಚದ ಬಳಿ ನಿಲ್ಲುತ್ತಿತ್ತು.
"ಎಷ್ಟನೆಯ ಮಂಚ ಅಂತ ಎಣಿಸುತ್ತಿದ್ದೆವು. ಲೆಕ್ಕ ಕಲಿತದ್ದೇ ಹಾಗೆ."
ನಕ್ಕಳು. ಈ ನಗೆ ನನಗೆ ಗೊತ್ತು,
ಕಪ್ಪಿನಡಿ ಇಡುವ ಬಸಿ ಅದು,
ಚೆಲ್ಲಿದ್ದು ಮೇಜಿಗೆ ತಾಗದಿರಲೆಂದು.

ಆಮೇಲೆ ಇಪ್ಪತ್ತೊಂದು ವರ್ಷ ಅದೇ ಬೂಟು, ಬೇರೆ ಕಾಲು.
ವೆಂಡಲ್ ಸತ್ತು ಈಗ ಒಂಬತ್ತು ವರ್ಷ.
ಬೂಟು ಬರುತ್ತದೆ ಇನ್ನೂ, ಬೆಳಗಿನ ಮೂರಕ್ಕೆ.
ಮಾತ್ರೆ ಅದನ್ನು ಮೂರೂವರೆಗೆ ತಳ್ಳುತ್ತದೆ, ಅಷ್ಟೆ.

"ನಮ್ಮಲ್ಲಿ ಬೇಸಿಗೆಗೆ ಮರಿಗಳ ಕಿವಿ ಕೊಯ್ಯುತ್ತಾರೆ.
ಒಂದೊಂದು ಮನೆಗೆ ಒಂದೊಂದು ಕಚ್ಚು.
ಹಿಂಡಿನಲ್ಲಿ ಸಾವಿರ ಇರಲಿ, ಯಾರದು ಅಂತ ದೂರದಿಂದಲೇ ಹೇಳಬಹುದು.
ಅಪ್ಪನ ಕತ್ತಿ ಎಷ್ಟು ಚುರುಕೆಂದರೆ
ಮರಿ ಅರಚುವ ಮೊದಲೇ ಮುಗಿದಿರುತ್ತಿತ್ತು."
ಆ ಕಚ್ಚಿಗೆ ತನ್ನ ಮಾತಿನಲ್ಲಿರುವ ಹೆಸರು ಹೇಳಿದಳು,
ಎರಡು ಸಲ. ನನ್ನ ಕಿವಿಗೆ ಸಿಕ್ಕಲಿಲ್ಲ.
ಕೂದಲು ಸರಿಸಿದಳು.
ಎಡಗಿವಿಯ ಹಾಲೆ ಎರಡು ಹೋಳು. ಓಲೆ ಹಿಡಿದು ಎಳೆದದ್ದು.

ನಮೂನೆಯಲ್ಲಿ ನಾನು 'ಕಾರಣ'ಕ್ಕೆ ಬಂದಿದ್ದೆ:
ವಯಸ್ಸು, ಸೋಂಕು, ಕಾರ್ಖಾನೆಯ ಗದ್ದಲ, ಇತರೆ.
"ವಯಸ್ಸು ಅಂತ ಹಾಕಿಬಿಡಿ," ಅಂದಳು, ನನಗೆ ಉಪಕಾರ ಮಾಡುವವಳಂತೆ.

ಎದುರು ನಿಂತ ಬಲಗೈಯವನಿಗೆ
ಹತ್ತಿರ ಸಿಗುವುದು ಎಡಗಿವಿ.
ಪಠ್ಯದಲ್ಲಿ ಇದು ಒಂದೇ ಸಾಲು. ಪರೀಕ್ಷೆಗೆ ಬರುವುದಿಲ್ಲ.

ಗದಗಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನವ್ವ
ಯಾರು ಮಾತಾಡಿಸಿದರೂ ಮುಖ ಓರೆ ಮಾಡಿ,
ಬಲಗೆನ್ನೆ ಮುಂದಿಟ್ಟು ನಿಲ್ಲುತ್ತಿದ್ದಳು.
ಏನು ಠೀವಿ ನಿಮ್ಮವ್ವಂದು, ಅನ್ನುತ್ತಿದ್ದರು ಪಕ್ಕದ ಮನೆಯವರು.
ಕನ್ನಡಿಯ ಮುಂದೆ ನಾನೂ ಹಾಗೆ ನಿಂತು ನೋಡಿದ್ದುಂಟು.
ಫೋಟೋಗಳಲ್ಲೆಲ್ಲ ಅವಳಿಗೆ ಒಂದೇ ಕಿವಿ.
ಸಾವಿರಾರು ಕಿವಿ ಅಳೆದೆ. ಪ್ರತಿ ಭಾನುವಾರ ಫೋನು ಮಾಡಿದೆ,
ಮಳೆ ಕೇಳಿದೆ, ಮೊಣಕಾಲು ಕೇಳಿದೆ, ಮೆಣಸಿನಕಾಯಿಯ ದರ ಕೇಳಿದೆ.
ಅದೊಂದು ಕೇಳಲಿಲ್ಲ.
ಕೇಳಿಸಿರಲಿಲ್ಲ ಎಂದಲ್ಲ.

'ಇತರೆ'ಗೆ ಗೀಟು ಹಾಕಿದೆ. ಅದರ ಮುಂದೆ ಅರ್ಧ ಗೆರೆ ಜಾಗ.
"ಏನಾಯಿತು ಅಂತ ಬರೆಯಲಿ?"
ಅಷ್ಟರಲ್ಲಿ ಕಾಲುವೆಯ ಬಾಯಲ್ಲಿ ಅದಿರಿನ ಹಡಗು ಕೂಗಿತು,
ಸೇತುವೆ ತಿರುಗಿ ಕೂಗಿತು,
ಕಿಟಕಿಯ ಗಾಜು ನಡುಗಿ ನಿಂತಿತು.

ರಿಸ್ಟಿನ್ ಕುರ್ಚಿ ತಿರುಗಿಸಿಕೊಂಡಳು,
ಬಲಗೆನ್ನೆ ನನ್ನ ಕಡೆಗೆ ಬರುವ ಹಾಗೆ.
"ಇನ್ನೊಮ್ಮೆ ಕೇಳಿ," ಅಂದಳು.