ಅಡ್ಡೆ ಹೊರುವವನ ಹೆಂಡತಿ

ಸೆಂಬಾಲುನ್‌ನಲ್ಲಿ ದಾರಿ ಏರತೊಡಗುವ ಕಡೆ
ನನ್ನ ಕಾಫಿ ಅಂಗಡಿ. ನಾಲ್ಕು ಬೆಂಚು, ಒಂದು ಒಲೆ,
ಸೂರಿಗೆ ಜೋತುಬಿದ್ದ ಬೆಳ್ಳುಳ್ಳಿ ಗೊಂಚಲು.
ಬೂಟಿನ ಲೇಸು ಬಿಗಿಯುತ್ತ ಅವರು ವಾದಿಸುವುದು ಇಲ್ಲಿಯೇ:
ಆಳು ಬೇಕೆ, ಬೇಡವೆ?
ದಾರಿ ತೋರಲು ಫೋನಿನ ನಕ್ಷೆ ಸಾಲದೆ?
ನಾನು ಸಕ್ಕರೆ ಕದಡುತ್ತೇನೆ.
ನನ್ನನ್ನು ಯಾರೂ ಕೇಳುವುದಿಲ್ಲ.

ಅತ್ತ ನನ್ನ ಗಂಡ, ಊರವರಿಗೆ ಅಮಾಕ್ ರುಮೆನಾ,
ಬಿದಿರಿನ ಅಡ್ಡೆಗೆ ಬುಟ್ಟಿ ಕಟ್ಟುತ್ತಿರುತ್ತಾನೆ.
ಈ ಕಡೆ ಅಕ್ಕಿ, ಗ್ಯಾಸು, ಮೂರು ಅನಾನಸು, ನಲವತ್ತು ಮೊಟ್ಟೆ.
ಆ ಕಡೆ ಡೇರೆ, ಹಾಸಿಗೆ, ಮಡಚುವ ಕುರ್ಚಿ.
ಮೋಡದ ಮೇಲೆ ಕೂತು ಸೂರ್ಯನನ್ನು ನೋಡಲಿಕ್ಕೆ
ಕುರ್ಚಿಯೂ ಬೇಕಂತೆ.
ಎತ್ತಿ ನೋಡಿ, ಒಂದು ಅನಾನಸು ಆಚೆಗೆ ದಾಟಿಸಿ,
ಮತ್ತೆ ಎತ್ತಿ, ಹವಾಯಿ ಚಪ್ಪಲಿ ಮೆಟ್ಟಿ ಹೊರಡುತ್ತಾನೆ.
ಬಲ ಹೆಗಲಲ್ಲಿ ನಿಂಬೆಕಾಯಿಯಂಥ ಗಂಟು.
ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕುವಾಗ
ಅದು ಬೇರೆ ಯಾರದೋ ಎಂಬಂತೆ ಮಲಗಿರುತ್ತಾನೆ.

ಹೋದ ವಾರ ಒಬ್ಬ ಹುಡುಗ.
ಡೇರೆ, ಅನ್ನ, ನೀರು ಎಲ್ಲ ತನ್ನ ಬೆನ್ನಿಗೇ.
ನನ್ನ ಭಾರ ಇನ್ನೊಬ್ಬನ ಮೇಲೇಕೆ, ಅಂದ.
ಮೂರನೆಯ ದಿನ ಇಳಿದು ಬಂದ,
ಮೂಗು ಸುಲಿದಿತ್ತು, ಕಣ್ಣು ನಗುತ್ತಿತ್ತು.
"ನೋಡಿ, ಯಾರೂ ಬೇಕಾಗಲಿಲ್ಲ."
ಒಳಗೊಳಗೇ ಲೆಕ್ಕ ಹಾಕಿದೆ:
ಮಗು, ನೀ ಕುಡಿದ ಒರತೆಯ ಕೆಸರು ತೆಗೆದವರಾರು?
ಜಾರುವ ಬೂದಿಯಲ್ಲಿ ನೀ ಕಾಲಿಟ್ಟ ಗುಳಿ
ಯಾರ ಹಿಮ್ಮಡಿ ಕೊರೆದದ್ದು?
ಬಾಯಿಬಿಟ್ಟು ಹೇಳಲಿಲ್ಲ.
ಕುಡಿದ ಲೋಟ ತಾನೇ ತೊಳೆದಿಟ್ಟ. ಒಳ್ಳೆಯ ಹುಡುಗ.

ಗಂಡನಿಗೆ ಹೇಳಿದೆ. ಸಿಡುಕುತ್ತಾನೆಂದುಕೊಂಡಿದ್ದೆ.
"ಸರಿಯಾಗೇ ಹೇಳಿದ್ದಾನೆ," ಅಂದ.
"ಹನ್ನೆರಡನೇ ವಯಸ್ಸಿಗೆ ನನಗೆ ಯಾರು ಬೇಕಿತ್ತು?
ಎಲೆಯಲ್ಲಿ ಒಂದು ಹಿಡಿ ಅನ್ನ, ಜೇಬಲ್ಲಿ ಗಾಳದ ದಾರ,
ಒಂದೇ ಉಸಿರಿಗೆ ಅಂಚು ಹತ್ತಿ, ಆಚೆ ಇಳಿದು
ಬೆಟ್ಟದ ಬಾಯೊಳಗಿನ ಕೆರೆ ಮುಟ್ಟುತ್ತಿದ್ದೆ."
ಆಮೇಲೆ ಅನ್ನ ಕಲಸುತ್ತ ಕೂತ, ಉಣ್ಣಲಿಲ್ಲ.

ಶುಕ್ರವಾರ ಕೂಲಿಯಿರಲಿಲ್ಲ. ನಮಾಜು ಮುಗಿಸಿ,
ಕೆರೆ ತೋರಿಸುತ್ತೇನೆ ಬಾ, ಎಂದು ಮಗಳನ್ನು ಕರೆದುಕೊಂಡು
ಹೊರಟ. ಬರಿಗೈ, ಬರಿಹೆಗಲು.
ಅರ್ಧ ಗಂಟೆಯಲ್ಲಿ ವಾಪಸು.
ಏನೂ ಹೇಳದೆ ಮೂಲೆಯ ಅಡ್ಡೆ ತೆಗೆದುಕೊಂಡು ಹೋದ.

ರುಮೆನಾ ಆಮೇಲೆ ಹೇಳಿದಳು:
"ಮೊದಲ ಸೇತುವೆಯಲ್ಲೇ ಅಪ್ಪ ಎಡವಿದ ಅಮ್ಮ,
ಬಯಲಲ್ಲಿ ಮತ್ತೆ ಎಡವಿದ.
ಕುಡಿದವನ ಹಾಗೆ ಒಂದು ಕಡೆಗೇ ವಾಲುತ್ತಿದ್ದ.
ಅಡ್ಡೆ ತಂದಮೇಲೆ ಹಳ್ಳದಿಂದ ಎರಡು ಕಲ್ಲು ಆರಿಸಿ
ಬುಟ್ಟಿಗೊಂದರಂತೆ ಹಾಕಿಕೊಂಡ.
ಆಮೇಲೆ ಅವನ ಹಿಂದೆ ಓಡಲಿಕ್ಕೆ ನನಗೇ ಆಗಲಿಲ್ಲ."

ಭಾನುವಾರ ಕತ್ತಲಾದಮೇಲೆ ಬಂದರು.
ಬಾಗಿಲ ಬಳಿ ಅಡ್ಡೆ ಇಳಿಸಿದ.
ಒಂದು ಬುಟ್ಟಿಯಲ್ಲಿ ಏಳು ಮೀನು.
ಇನ್ನೊಂದರಲ್ಲಿ ಕಲ್ಲು ಹಾಗೇ ಇತ್ತು.