ಎರಡು ಪಾಯಿಂಟ್ ನಾಲ್ಕು

ಕುತಾಯಿಸಿಯ ಸಂಜೆ ತರಗತಿ. ಹೀಟರ್ ಕೆಟ್ಟಿದೆ.
ನತೇಲಿ ಟೀಚರ್ ಕೋಟು ಬಿಚ್ಚದೆಯೇ
ಎಂಟ್ರೊಪಿಯ ಅಂಕಿ ಬರೆಯುತ್ತಾಳೆ:
ವಜ್ರ, ಎರಡು ಪಾಯಿಂಟ್ ನಾಲ್ಕು.
ನಾಲ್ಕು ಕೈಯೂ ನಾಲ್ವರ ಹಿಡಿತದಲ್ಲಿ,
ಮಿಸುಕಲೂ ಎಡೆಯಿಲ್ಲ.
ಗ್ರಾಫೈಟ್, ಐದು ಪಾಯಿಂಟ್ ಏಳು.
ಅದೇ ಇಂಗಾಲ; ಪದರ ಜಾರುತ್ತದೆ,
ಜಾರಿದ್ದಕ್ಕೇ ನಿಮ್ಮ ನೋಟುಬುಕ್ಕಿನಲ್ಲಿ ಅಕ್ಷರ.

ಬಾದ್ರಿ ಲೈಟರ್ ಎತ್ತಿ ಹಿಡಿದ: ಇದರೊಳಗಿನದು?
ಬ್ಯೂಟೇನ್. ಅನಿಲವಾದರೆ ಮುನ್ನೂರ ಹತ್ತು.
ಬೆನ್ನು ತಿರುಚುತ್ತೆ, ಮೊಣಕಾಲು ಮಡಚುತ್ತೆ,
ಒಂದೇ ಸರಪಳಿಗೆ ಎಷ್ಟೊಂದು ಭಂಗಿ!
ತುದಿಗೆ ತುದಿ ಕಟ್ಟಿ ಉಂಗುರ ಮಾಡು,
ಅಂಕಿ ಇಳಿಯುತ್ತದೆ.

ಉಂಗುರ ಎಂದ ಬಾಯಿ ತುಸು ತಡೆಯಿತು.
ಕೋಟಿನ ಜೇಬಿನಲ್ಲಿ ಅಡವಿನ ಚೀಟಿ:
ವಜ್ರ ಒಂದು, ಚಿಕ್ಕದು.
ಅದರ ದುಡ್ಡು ನಿನ್ನೆ ಗ್ಯಾಸ್ ಬಾಕಿಗೆ ಹೋಗಿ
ನೀಲಿಯಾಗಿ ಉರಿಯಿತು, ಸೂಪು ಕುದಿಯಿತು,
ಕಿಟಕಿಯ ಗಾಜೆಲ್ಲ ಆವಿ.