ಏಳನೇ ಬ್ಯಾಚು

ನವಿಲೆಯ ಕಾಲೇಜಿನಲ್ಲಿ ಮಧ್ಯಾಹ್ನ ಮೂರಕ್ಕೆ
ನೇರಳೆ ವೈನಿನ ರುಚಿ ನೋಡುವ ಪ್ರಾಕ್ಟಿಕಲ್ಲು.
ಹಾಲಸ್ವಾಮಿ ಮೇಷ್ಟ್ರು ಮೂರು ಸಲ ಹೇಳಿದರು:
ನುಂಗಬಾರದು, ಉಗುಳಬೇಕು.
ಶಿವಮೊಗ್ಗದ ಗೋಡೆಗಳೆಲ್ಲ
ಉಗುಳಬೇಡಿ ಎಂದು ಬೇಡಿಕೊಳ್ಳುವಾಗ
ಇದೊಂದೇ ಕೋಣೆ, ಉಗುಳಿದರೆ ಅಂಕ.

ಒಂಬತ್ತು ಗಾಜಿನ ಲೋಟ, ಒಂದು ಸ್ಟೀಲ್ ಬಕೆಟ್ಟು.
ನಡುನಡುವೆ ನಾಲಿಗೆ ಒರೆಸಿಕೊಳ್ಳಲು
ಖಾರವಿಲ್ಲದ ಮಂಡಕ್ಕಿ, ಉಗುರುಬೆಚ್ಚನೆ ನೀರು.
ಅಮ್ಮನಿಗೆ ಫೋನಿನಲ್ಲಿ ‘ಲ್ಯಾಬಿದೆ’ ಎಂದಷ್ಟೇ ಅಂದಿದ್ದೆ.
ಸುಳ್ಳಲ್ಲ;
ನಿಜವೂ ಇನ್ನೂ ಪೂರ್ತಿ ಹುಳಿ ಬಂದಿರಲಿಲ್ಲ.

ಸೆಲಾಮ್ ಅಡಿಸ್ ಅಬಾಬದವಳು. ಅವಳಜ್ಜಿ
ಜೇನನ್ನೇ ಗಡಿಗೆಯಲ್ಲಿ ಕೊಳೆಸಿ
ಮದುವೆಗಳಿಗೆ ಬಡಿಸುತ್ತಾಳಂತೆ.
ಅವಳಿಗೆ ಒಂಬತ್ತೂ ಬರೀ ಬಣ್ಣದ ನೀರು.
ಪೋಖರಾದ ಪ್ರಮಿಳಾ ಎರಡನೆಯದನ್ನು
ಯಾರೂ ನೋಡದಾಗ ನುಂಗಿದಳು.
ನಾನು ನೋಡಿದೆ.
ನಾನೂ ನುಂಗಿದ್ದೆ.

ಹಮೀದುಲ್ಲಾ ಮಾತ್ರ ಲೋಟ ತುಟಿಗೆ ತರಲಿಲ್ಲ.
ಮೇಷ್ಟ್ರು ಒತ್ತಾಯಿಸುವವರಲ್ಲ:
‘ಮೂಗೂ ಒಂದು ನಾಲಿಗೆಯೇ ಬಿಡಪ್ಪ,
ವಾಸನೆಯ ಕಾಲಂ ಪೂರಾ ನಿಂದು.’
ಎತ್ತು ಪರಸ್ಥಳದ ಹುಲ್ಲನ್ನು ಮೂಸುವ ಹಾಗೆ
ಆತುರವಿಲ್ಲದೆ ಮೂಸಿದ.
ಎರಡು, ಮೂರು, ಎರಡೂವರೆ ಎಂದು ಬರೆಯುತ್ತ
ಏಳನೆಯದಕ್ಕೆ ಬಂದು ನಿಂತುಬಿಟ್ಟ.

ಕಂದಹಾರದಲ್ಲಿ, ಅಂದ,
ಮಣ್ಣಿನ ಎರಡು ಬೋಗುಣಿ ಕವುಚಿ ಜೋಡಿಸಿ
ಅಂಚಿಗೆ ಕೆಸರು ಮೆತ್ತಿ
ದ್ರಾಕ್ಷಿಯನ್ನು ಒಳಗೆ ಮಲಗಿಸುತ್ತೇವೆ.
ಹಿಮ ಕರಗುವ ಹೊತ್ತಿಗೆ ಅಪ್ಪ ಅದನ್ನು ಒಡೆದರೆ
ಮೊದಲು ಹೊರಬರುವುದು ಹಣ್ಣಲ್ಲ, ಉಸಿರು.
‘ಇದು ಅದು. ಎಷ್ಟು ಹಾಕಲಿ, ಸರ್?’

ಮೇಷ್ಟ್ರು ಕನ್ನಡಕ ಬಿಚ್ಚಿ ಒರೆಸಿದರು.
ಮತ್ತೆ ಒರೆಸಿದರು.
‘ಐದರೊಳಗೆ ಹಾಕು.’

ಅದೇ ಏಳಕ್ಕೆ ನಾನು ಬರೆದದ್ದು: ಒಗರು.
ಹಾಗೆಂದರೆ ಏನು, ಕೇಳಿದಳು ಸೆಲಾಮ್.
ಕಹಿಯಲ್ಲ, ಹುಳಿಯಲ್ಲ,
ನಾಲಿಗೆಗೆ ಯಾರೋ ಗೋಣಿತಾಟು ಹೊದಿಸಿದ ಹಾಗೆ,
ಅಕ್ಕ ಮಾತು ಬಿಟ್ಟ ದಿನ
ಅವಳೇ ಬಡಿಸಿದ ಅನ್ನದ ಹಾಗೆ...
ಅವಳಿಗೆ ಅರ್ಥವಾಯಿತೋ ಇಲ್ಲವೋ,
ಹಾಳೆಯ ಅಂಚಿನಲ್ಲಿ ಅವಳ ಲಿಪಿಯಲ್ಲಿ ಏನೋ ಗೀಚಿಕೊಂಡಳು.

ಫಲಿತಾಂಶ ಸೋಮವಾರ ಬೋರ್ಡಿಗೆ ಬಂತು.
ಏಳನೇ ಬ್ಯಾಚು ತಿರಸ್ಕೃತ.
ಅಟೆಂಡರ್ ಬಂಗಾರಪ್ಪ ಕ್ಯಾನು ಬಗ್ಗಿಸಿ ಸಿಂಕಿಗೆ ಸುರಿದ;
ಹಮೀದ್ ಬಾಗಿಲಲ್ಲಿ ನಿಂತು, ಮುಗಿಯುವ ತನಕ,
ಮೂಗಿನಲ್ಲೇ ಬೀಳ್ಕೊಟ್ಟ.

ಆಮೇಲೆ ಜೂನು.
ಸವಳಂಗ ರಸ್ತೆಯ ಬಸ್‌ಸ್ಟಾಪಿನ ಹಿಂದೆ
ನೇರಳೆ ಉದುರಿ ಸಿಮೆಂಟು ಬೆಂಚೆಲ್ಲ ನೀಲಿ.
ಅವನ ವೀಸಾಕ್ಕೆ ಇನ್ನು ಹನ್ನೊಂದು ವಾರ;
ಆ ಮಾತು ಯಾರೂ ಎತ್ತಲಿಲ್ಲ.
ಆರಿಸಿದ, ಅಂಗಿಯ ತುದಿಗೆ ಒರೆಸಿದ, ತಿಂದ,
ಬೀಜ ಮಾತ್ರ ಉಗುಳಿದ.
ಮೊಬೈಲಿನ ಕ್ಯಾಮೆರಾಕ್ಕೆ ನಾಲಿಗೆ ಚಾಚಿ
ತನ್ನನ್ನು ತಾನೇ ನೋಡಿ ಬೆರಗಾದ.
‘ಒ... ಗ...’
ಅಷ್ಟರಲ್ಲಿ ಬಾಯಿ ಬಿಗಿದು ‘ರು’ ಹೊರಡಲೇ ಇಲ್ಲ.

ನಾವೂ ಚಾಚಿದೆವು, ಮೂವರೂ.
ಆಗಲೇ ಮೇಷ್ಟ್ರ ಬೈಕು ತಿರುವಿನಲ್ಲಿ ಕಂಡಿತು.
ನಾಲ್ವರೂ ತಟ್ಟನೆ ಬಾಯಿ ಮುಚ್ಚಿದೆವು,
ಕದ್ದು ಕುಡಿದವರ ಹಾಗೆ.